ಏರು ಸುರುವಾಗುವ ಜಾಗ

ನಮ್ಮ ಇಳಕಲ್ಲಿಗೆ ರೈಲಿಲ್ಲ. ಹುನಗುಂದಕ್ಕೂ ಇಲ್ಲ. ಸೀರೆಯಿಂದ, ಕೆಂಪು ಗ್ರಾನೈಟಿನಿಂದ ದೂರದವರಿಗೂ ಪರಿಚಯವಾದ ಈ ಸೀಮೆ ಇನ್ನೂ ಬಸ್ಸು, ಲಾರಿಗಳನ್ನೇ ನಂಬಿಕೊಂಡಿದೆ. ಆದರೆ ನಮ್ಮ ಮನೆಯ ಪಡಸಾಲೆಯಲ್ಲಿ 2025ರ ಬೇಸಿಗೆಯಿಂದ ಒಂದು ರೈಲು ಓಡುತ್ತಿದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯೇ ಅದರ ರಾಜ್ಯ.

ದಮ್ಮಾಮಿನಲ್ಲಿ ಕೆಲಸ ಮಾಡುವ ನಮ್ಮ ಹೆಂಡತಿಯ ತಮ್ಮ ರಮಜಾನ್ ಹಬ್ಬಕ್ಕೆ ಬಂದಾಗ ಅದನ್ನು ನಮ್ಮ ಮಗನಿಗೆ ತಂದುಕೊಟ್ಟಿದ್ದ. ಒಂದು ಎಂಜಿನ್, ಐದು ಡಬ್ಬಿ, ತುಂಡು ತುಂಡು ಹಳಿ. ಆಟಿಗೆ ಎನ್ನಲು ಮನಸ್ಸು ಬಾರದು. ಎಚ್‌ಓ ಎಂಬ ಈ ಅಳತೆಯಲ್ಲಿ ನಿಜ ರೈಲಿನ 87 ಅಡಿ ಇಲ್ಲಿ ಒಂದಡಿ. ಎರಡು ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರ್ ಅಂತರ. ಮಗ ಬಾಗಲಕೋಟೆಯಿಂದ ಬಾದಾಮಿಗೆ ಲೈನು ಹಾಕುತ್ತೇನೆಂದು ಕುಳಿತ. ಬಾದಾಮಿ ಎಂದ ಮೇಲೆ ಗುಡ್ಡ ಬೇಡವೇ? ಥರ್ಮಾಕೋಲಿನ ಗುಡ್ಡಕ್ಕೆ ಕೆಂಪು ಬಣ್ಣ ಬಳಿದ. ಹಳಿ ಮೂರು ಇಂಚು ಮೇಲೇರಿ, ಕೆಳಗಿನ ಇನ್ನೊಂದು ಹಳಿಯನ್ನು ಸೇತುವೆಯ ಮೇಲಿಂದ ದಾಟಬೇಕು. ಇದು ಅವನ ಯೋಜನೆ.

ಆ ಲೈನಿನ ಹೆಸರು ಅವನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಅವನ ದಾದಾ, ಅಂದರೆ ನಮ್ಮ ಅಬ್ಬಾ, ಬಾಗಲಕೋಟೆ ಬಾದಾಮಿ ನಡುವೆ ಗ್ಯಾಂಗ್‌ಮನ್ ಆಗಿದ್ದವರು. ಬರಗಾಲದ ಕಾಲಕ್ಕೆ ಆಸರೆಯಾಗಲೆಂದು ಸದರ್ನ್ ಮರಾಠಾ ರೈಲ್ವೆಯವರು ಹೋಟಗಿಯಿಂದ ಗದಗಿನವರೆಗೆ ಹಾಕಿ 1884ರಲ್ಲಿ ತೆರೆದ ಮೀಟರ್ ಗೇಜ್ ದಾರಿ ಅದು. ಈಗ ಬ್ರಾಡ್‌ಗೇಜ್ ಆಗಿದೆ. ಅಬ್ಬಾ ಬೀಟರ್ ಹಿಡಿದು ಸ್ಲೀಪರಿನ ಕೆಳಗೆ ಜಲ್ಲಿ ಬಡಿದದ್ದು ಆ ಹಳೆಯ, ಒಂದು ಮೀಟರ್ ಅಗಲದ ಹಳಿಗೆ. ಈಗ ಎಂಬತ್ತರ ಹತ್ತಿರ. ಕಿವಿ ಮಂದವಾಗಿದೆ, ಕಣ್ಣು ಗಟ್ಟಿ.

ಮಗನ ರೈಲು ಏರು ಹತ್ತಲಿಲ್ಲ. ಬುಡಕ್ಕೆ ಬಂದೊಡನೆ ಎಂಜಿನ್ನಿನ ಮೂಗು ಮೇಲೆದ್ದು ಹಿಂದಿನ ಡಬ್ಬಿಯ ಕೊಂಡಿ ಕಳಚುತ್ತಿತ್ತು. ಕೈಯಿಂದ ದೂಡಿ ಹತ್ತಿಸಿದರೆ ತುದಿಯಲ್ಲಿ ಮುಂದಿನ ಗಾಲಿಗಳು ಗಾಳಿಯಲ್ಲಿ ನಿಂತು ಪಕ್ಕಕ್ಕೆ ಬೀಳುತ್ತಿದ್ದವು. ನಾಲ್ಕಡಿಯಲ್ಲಿ ಮೂರು ಇಂಚು ಏರಿಸಿದ್ದ. ಲೆಕ್ಕ ಹಾಕಿದರೆ ಹದಿನಾರಕ್ಕೆ ಒಂದು. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಟ್ಟದ ದಾರಿಯೇ 37ಕ್ಕೆ ಒಂದು, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವುದು 50ಕ್ಕೆ ಒಂದು. ನಿಲ್ದಾಣದಲ್ಲಿ ಸಾಮಾನ್ಯವಾಗಿ 400ಕ್ಕೆ ಒಂದಕ್ಕಿಂತ ಕಡಿದಾಗಿರಬಾರದು, 1200ಕ್ಕೆ ಒಂದಿದ್ದರೆ ಉತ್ತಮ ಎಂದು ರೈಲ್ವೆಯ ಕಟ್ಟಳೆ. ನಮ್ಮ ಮಗ ಈ ಎರಡೂ ಘಟ್ಟಗಳಲ್ಲಿ ಇಲ್ಲದ ಏರನ್ನು ಪಡಸಾಲೆಯಲ್ಲಿ ಕಟ್ಟಿದ್ದ.

ಹಲಗೆಯ ಹಿಂಬದಿಯ ತಿರುವನ್ನೆಲ್ಲ ಬಳಸಿಕೊಂಡು ಒಂಬತ್ತಡಿಯಲ್ಲಿ ಏರಿಸಿದ. ಈಗ 36ಕ್ಕೆ ಒಂದು. ಹುನಗುಂದದ ಬಡಿಗರೊಬ್ಬರಿಂದ ಬೇರೆ ಬೇರೆ ಎತ್ತರದ ಕಟ್ಟಿಗೆಯ ತುಂಡು ಕೊಯ್ಯಿಸಿಕೊಂಡು ಬಂದೆವು. ಆದರೂ ಬುಡದಲ್ಲಿ ಕೊಂಡಿ ಕಳಚುವುದು ನಿಲ್ಲಲಿಲ್ಲ. ಅಷ್ಟರಲ್ಲಿ ಶಾಲೆ ಸುರುವಾಯಿತು, ಹಲಗೆ ಗೋಡೆಗೆ ಒರಗಿತು.

ಮಗ ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವನು. ಅಲ್ಲಿ ಕನ್ನಡ ಒಂದು ಪಾಠ ಮಾತ್ರ, ಉಳಿದದ್ದೆಲ್ಲ ಉರ್ದುವಿನಲ್ಲಿ. ಎಂಟನೆಯದಕ್ಕೆ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹಾಕಿದೆವು. ನಿನ್ನೆಯವರೆಗೆ ‘ಮುಸಲ್ಲಸ್’ ಆಗಿದ್ದದ್ದು ಇಂದು ‘ತ್ರಿಭುಜ’. ‘ರಕ್ಬಾ’ ಹೋಗಿ ‘ವಿಸ್ತೀರ್ಣ’, ‘ತೇಜಾಬ್’ ಹೋಗಿ ‘ಆಮ್ಲ’. ಬಲದಿಂದ ಎಡಕ್ಕೆ ಓಡುತ್ತಿದ್ದ ಕೈ ಈಗ ದಿನವಿಡೀ ಎಡದಿಂದ ಬಲಕ್ಕೆ ಓಡಬೇಕು. ಮೂರನೆಯ ವಾರಕ್ಕೆ ಅವನಿಗೆ ಹೊಟ್ಟೆನೋವು ಬಂತು. ನಾಲ್ಕನೆಯ ವಾರದಲ್ಲೂ ಹೋಗಲಿಲ್ಲ. ಗ್ಯಾರೇಜಿಗೆ ಸೇರುತ್ತೇನೆ ಎಂದ.

ನಾವು ಸಿಟ್ಟಾದೆವು. ಸುಳ್ಳೇಕೆ ಹೇಳಬೇಕು, ನಾಚಿಕೆಯೂ ಆಯಿತು. ಕನ್ನಡದಲ್ಲಿ ಕತೆ ಬರೆಯುವವನ ಮಗ ಕನ್ನಡಕ್ಕೆ ಹೆದರಿ ಮನೆಯಲ್ಲಿ ಕುಳಿತರೆ ಜನ ಏನೆಂದಾರು? “ನಾವೂ ಬಾಗಲಕೋಟೆಯಲ್ಲಿ ಏಳರ ತನಕ ಉರ್ದುವಿನಲ್ಲೇ ಓದಿದವರು. ಎಂಟಕ್ಕೆ ಹತ್ತಲಿಲ್ಲವೇ? ನಿನಗೇನು ಧಾಡಿ?” ಎಂದು ಕೂಗಾಡಿದೆವು. ಸಭೆಗಳಲ್ಲಿ ನಾವು ಬಹಳ ಸಲ ಹೇಳಿಕೊಂಡ ಕತೆ ಅದು. ಚಪ್ಪಾಳೆಯೂ ಬಿದ್ದಿವೆ.

ಅಬ್ಬಾ ಆಗ ಏನೂ ಅನ್ನಲಿಲ್ಲ. ಅಸರ್ ನಮಾಜು ಮುಗಿಸಿ ಬಂದು, ಹಲಗೆ ಇಳಿಸಲು ಮೊಮ್ಮಗನಿಗೆ ಹೇಳಿದರು. ಆಮೇಲೆ ಗೋಡೆ ಹಿಡಿದು ನಿಧಾನವಾಗಿ ನೆಲಕ್ಕೆ ಕುಳಿತು, ಮಲಗಿ, ಕೆನ್ನೆಯನ್ನು ಹಲಗೆಗೆ ಹಚ್ಚಿ ಒಂದು ಕಣ್ಣು ಮುಚ್ಚಿದರು. ಗ್ಯಾಂಗಿನ ಮೇಟ್ ಹಳಿಗೆ ಕಣ್ಣಿಟ್ಟು ಎಲ್ಲಿ ತಗ್ಗಿದೆ, ಎಲ್ಲಿ ಎತ್ತಬೇಕು ಎಂದು ಕೈಸನ್ನೆ ಮಾಡುವುದನ್ನು ನಾವು ಚಿಕ್ಕಂದಿನಲ್ಲಿ ನೋಡಿದ್ದೆವು. ಅಬ್ಬಾ ಹಾಗೆ ಮಲಗಿದ್ದನ್ನು ಕಂಡದ್ದು ಎಷ್ಟೋ ವರ್ಷಗಳ ಮೇಲೆ.

“ಏರು ಏನೂ ಮಾಡಿಲ್ಲೋ,” ಎಂದರು. “ಏರು ಸುರು ಆಗೂ ಜಾಗಾ ಕೆಟ್ಟೈತಿ. ಸಪಾಟ ಇದ್ದದ್ದು ಒಮ್ಮಿಂದೊಮ್ಮೆಲೇ ಏರು ಆದ್ರ ಗಾಡಿ ಮುರಿಯೂದ. ಮತ್ತ ಹಳಿ ಜೋಡು ಅಲ್ಲೇ ಬಂದೈತಿ, ಅದನ್ನ ಮದಲ ಸರಸು.”

ಮಗ ಹಳಿಯ ತುಂಡುಗಳನ್ನು ಸರಿಸಿದ. ಜೋಡಣೆಯ ಬದಲು ಒಂದು ಇಡೀ ತುಂಡಿನ ಮಧ್ಯಭಾಗ ಏರಿನ ಬುಡಕ್ಕೆ ಬಂತು. ಅಬ್ಬಾ ಹಳೆಯ ಶಾದಿ ಕಾರ್ಡುಗಳನ್ನು ತರಿಸಿ ಸಣ್ಣಗೆ ಕತ್ತರಿಸಲು ಹೇಳಿದರು. ಮೂರು ಮೂರು ಇಂಚಿಗೆ ಹಳಿಯ ಕೆಳಗೆ ಕಾರ್ಡು ಇಡುವುದು, ಕಣ್ಣಿಟ್ಟು ನೋಡುವುದು, ಇನ್ನೊಂದು ಇಡುವುದು. ಮೊದಲ ಒಂದಡಿಯಲ್ಲಿ ಏರು ಇದೆಯೋ ಇಲ್ಲವೋ ಎನ್ನುವಂತೆ ಸುರುವಾಗಿ ಮೆಲ್ಲಗೆ ಕಡಿದಾಗಬೇಕು. ಮಗ್ರಿಬ್ ಹೊತ್ತಿಗೆ ನಾಲ್ಕು ಕಡೆ ಕಾರ್ಡು ಕೂತಿದ್ದವು. ಮಗ ಎಣಿಸಿದ: ಒಂದು, ನಾಲ್ಕು, ಒಂಬತ್ತು, ಹದಿನೈದು.

“ದಾದಾ, ಇದು ಹದಿನಾರು ಇರಬೇಕು. ಇವೆಲ್ಲ ಮುರಬ್ಬಾ!”

ಅಬ್ಬಾ ಒಂದು ಕಾರ್ಡು ಸೇರಿಸಿ, ಮತ್ತೆ ಕಣ್ಣಿಟ್ಟು ನೋಡಿ, “ಹೌದಲೇ” ಎಂದು ನಕ್ಕರು. ಕನ್ನಡದಲ್ಲಿ ಮುರಬ್ಬಾಕ್ಕೆ ‘ವರ್ಗ’ ಎನ್ನುತ್ತಾರೆ ಎಂದು ನಾವು ಹೇಳಿದೆವು. ಮಗ ಪೆನ್ಸಿಲಿನಿಂದ ಹಲಗೆಯ ಅಂಚಿನಲ್ಲಿ ಎರಡನ್ನೂ ಬರೆದುಕೊಂಡ. ಮೇಲಿನ ತುದಿಯಲ್ಲಿ ಇದನ್ನೇ ತಿರುವುಮುರುವು ಮಾಡಬೇಕಿತ್ತು, ಅಲ್ಲಿ ಏರು ಮೆಲ್ಲಗೆ ಸಪಾಟಾಗಬೇಕು. ಎರಡೂ ಕಡೆ ಒಂದೊಂದು ಅಡಿ ಹೀಗೆ ಬಿಟ್ಟುಕೊಟ್ಟದ್ದರಿಂದ ನಡುವಿನ ಏರು 32ಕ್ಕೆ ಒಂದಾಗಿ ಹೆಚ್ಚು ಕಡಿದಾಯಿತು. ಬುಡದಲ್ಲಿ ತೋರಿದ ಸಾವಕಾಶದ ಬೆಲೆಯನ್ನು ನಡುದಾರಿಯಲ್ಲಿ ತೆರಲೇಬೇಕು. ಆದರೆ ರೈಲು ಹತ್ತಿತು. ಐದೂ ಡಬ್ಬಿಗಳೊಂದಿಗೆ ಹತ್ತಿತು.

ರಾತ್ರಿ ಊಟವಾದ ಮೇಲೆ ಅಬ್ಬಾ ನಮ್ಮನ್ನು ಹತ್ತಿರ ಕರೆದರು. “ನೀ ಒಮ್ಮೆಲೇ ಹತ್ತಿದ್ದಿ ಅಂತ ಹುಡುಗಗ ಹೇಳ್ತೀಯಲ್ಲ, ನಮ್ಮ ಮೇಟ್‌ನ ಮರತ್ಯೇನು?”

ಮರೆತಿದ್ದೆವು. ಆರನೆಯ ತರಗತಿಯ ರಜೆಯಿಂದ ಸುರುವಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ, ಪ್ರತಿ ರವಿವಾರ ಅಬ್ಬಾ ನಮ್ಮನ್ನು ಆ ಮೇಟ್ ಮನೆಗೆ ಕಳಿಸುತ್ತಿದ್ದರು. ಅವರು ಲಿಂಗಾಯತರು, ನಾಲ್ಕನೆಯ ಇಯತ್ತೆ ಓದಿದವರು. ರೈಲಿನಲ್ಲಿ ಯಾರೋ ಬಿಟ್ಟುಹೋದ ‘ಚಂದಮಾಮ’ಗಳನ್ನು ಕೂಡಿಟ್ಟಿದ್ದರು. ನಮ್ಮಿಂದ ಗಟ್ಟಿಯಾಗಿ ಓದಿಸುತ್ತಿದ್ದರು, ತಪ್ಪಿದರೆ ಬಯ್ಯುತ್ತಿರಲಿಲ್ಲ, ಇನ್ನೊಮ್ಮೆ ಓದಿಸುತ್ತಿದ್ದರು. ಓದು ಮುಗಿದ ಮೇಲೆ ಅವರ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದರು. ನಮ್ಮ ಏರಿನ ಬುಡಕ್ಕೆ ಒಂದೊಂದೇ ಕಾರ್ಡು ಇಟ್ಟವರು ಅವರು. ನಮ್ಮ ಯಾವ ಭಾಷಣದಲ್ಲೂ ಅವರ ಪ್ರಸ್ತಾಪ ಬಂದಿಲ್ಲ. ನಾವೇ ಹತ್ತಿದೆವು ಎಂದು ಹೇಳಿಕೊಂಡು ಬಂದೆವು, ಹೇಳಿ ಹೇಳಿ ನಂಬಿಯೂ ಬಿಟ್ಟಿದ್ದೆವು.

ನಮ್ಮ ಸಮಾಜದಲ್ಲಿ ಏಳನೆಯ ತರಗತಿಯ ನಂತರ ಶಾಲೆ ಬಿಟ್ಟ ಹುಡುಗರನ್ನು ಗ್ಯಾರೇಜುಗಳಲ್ಲಿ, ಹಣ್ಣಿನ ಗಾಡಿಗಳ ಬಳಿ ಕಂಡಾಗಲೆಲ್ಲ ಓದುವ ಮನಸ್ಸಿಲ್ಲ ಎಂದು ಬಿಡುತ್ತೇವೆ. ಅವರು ಎಲ್ಲಿ ಕಳಚಿಕೊಂಡರು ಎಂದು ಕೆನ್ನೆ ನೆಲಕ್ಕೆ ಹಚ್ಚಿ ನೋಡುವವರು ನಮ್ಮಲ್ಲಿ ಎಷ್ಟು ಜನ?

ಮರುದಿನ ಹೈಸ್ಕೂಲಿಗೆ ಹೋಗಿ ವಿಜ್ಞಾನದ ಮೇಷ್ಟ್ರನ್ನು ಕಂಡೆವು. ಮೊದಲ ಕೆಲವು ತಿಂಗಳು ಗೊತ್ತಿಲ್ಲದ ಶಬ್ದಕ್ಕೆ ಉರ್ದು ಶಬ್ದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಲಿ, ತಾನು ಅರ್ಥ ಕೇಳಿಕೊಳ್ಳುತ್ತೇನೆ ಎಂದರು ಆ ಪುಣ್ಯಾತ್ಮರು. ಮನೆಯಲ್ಲಿ ಒಂದು ನೋಟುಬುಕ್ಕು ಮಾಡಿದೆವು, ದಿನಕ್ಕೆ ಐದೇ ಶಬ್ದ. ಆ ವರ್ಷ ಮಗನಿಗೆ ದೊಡ್ಡ ಅಂಕಗಳೇನೂ ಬರಲಿಲ್ಲ. ಆದರೆ ಶಾಲೆ ಬಿಡಲಿಲ್ಲ. ಅಬ್ಬಾ ಹೇಳಿದ ನಡುದಾರಿಯ ಏರು ಈಗ ನಡೆದಿದೆ.

2025ರ ಮೇ ತಿಂಗಳಲ್ಲಿ ನಮ್ಮ ನೆರೆಯ ಕುಷ್ಟಗಿಗೆ ಹುಬ್ಬಳ್ಳಿಯಿಂದ ರೈಲು ಬಂತು. ಮಳೆಗಾಲ ಮುಗಿದ ಮೇಲೆ ಅಬ್ಬಾನನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆವು, ಮಗನೂ ಬಂದ. ಹೊಸ ಪ್ಲಾಟ್‌ಫಾರಂನ ತುದಿಯಲ್ಲಿ ನಿಂತು ಅಬ್ಬಾ ಬಹಳ ಹೊತ್ತು ಹಳಿ ನೋಡಿದರು. ಮಗ ಪಕ್ಕದಲ್ಲೇ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

“ಹೆಂಗೈತೋ?” ಎಂದು ಅಬ್ಬಾ ಕೇಳಿದರು.

“ಸಪಾಟ ಐತಿ ದಾದಾ,” ಎಂದ ಮಗ.

“ನಿಲ್ದಾಣ ಅಲ್ಲೇನು, ಇರಬೇಕು,” ಎಂದು ಅಬ್ಬಾ ಅವನ ಹೆಗಲು ಹಿಡಿದು ಬೆಂಚಿನ ಕಡೆಗೆ ನಡೆದರು.