ಬಟ್ಟೆ ಒಣಗುವ ಹಗ್ಗ

ಬಟ್ಟೆ ಇರುವುದು ಮಾನ ಮುಚ್ಚಲಿಕ್ಕೆ ಅಂತಾರೆ. ನಮ್ಮ ಜನರ ಮಟ್ಟಿಗೆ ಅದು ಸುಳ್ಳು. ಕೆಂಗೇರಿ ಹೋಬಳಿಯ ನಮ್ಮ ಹಳ್ಳಿಯಲ್ಲಿ ನಮ್ಮ ತಾತ ಪಂಚೆಯನ್ನು ಮೊಣಕಾಲಿನಿಂದ ಕೆಳಕ್ಕೆ ಬಿಡುವಂತಿರಲಿಲ್ಲ. ಊರಬೀದಿ ಬಂತೆಂದರೆ ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಇಳಿಯಬೇಕು, ಕಾಲಲ್ಲಿದ್ದ ಮೆಟ್ಟು ಕೈಗೆ ಬರಬೇಕು. ಇವನು ಯಾವ ಕೇರಿಯವನು ಅಂತ ದೂರದಿಂದಲೇ ಕಾಣಲಿ ಎಂದು ಮಾಡಿದ ಕಟ್ಟಳೆ ಅದು. ಯಾರೂ ಬರೆದಿಟ್ಟಿರಲಿಲ್ಲ. ಮೀರಿದರೆ ಏಟು ಮಾತ್ರ ತಪ್ಪುತ್ತಿರಲಿಲ್ಲ.

ಅದಕ್ಕೇ ಬಾಬಾಸಾಹೇಬರ ಸೂಟು ನೋಡಿ ಕುಹಕವಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 1921ರಲ್ಲಿ ಗಾಂಧೀಜಿ ಮಧುರೈನಲ್ಲಿ ಅಂಗಿ ಬಿಟ್ಟು ತುಂಡು ಪಂಚೆ ಉಟ್ಟರು. ಬಿಡುವುದಕ್ಕೆ ಅವರಿಗೆ ಅಂಗಿ ಇತ್ತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅಂಬೇಡ್ಕರ್ ನಮ್ಮ ಹೆಂಗಸರಿಗೆ ಹೇಳಿದ್ದು ಬೇರೆ. ಜಾತಿ ಸಾರುವ ಹಾಗೆ ಸೀರೆ ಉಡಬೇಡಿ, ಮೇಲುಜಾತಿಯವರು ಉಡುವಂತೆಯೇ ಉಡಿ, ಆ ಭಾರದ ಒಡವೆಗಳನ್ನು ಬಿಡಿ ಅಂದರು. ಬಟ್ಟೆಯೊಂದೇ ಸಾಲದು ಎನ್ನುವುದೂ ಅವರಿಗೆ ಗೊತ್ತಿತ್ತು. ಕೊಲಂಬಿಯಾದಲ್ಲಿ ಓದಿ ಬಂದು 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿಗೆ ಪ್ರೊಫೆಸರಾಗಿ ಸೇರಿದಾಗ, ತಾವು ಕುಡಿಯುವ ಪಾತ್ರೆಯ ನೀರನ್ನು ಇವರು ಮುಟ್ಟಬಾರದೆಂದು ಜೊತೆಯ ಮೇಷ್ಟ್ರುಗಳೇ ತಕರಾರು ತೆಗೆದಿದ್ದರು.

ನೂರು ವರ್ಷ ಕಳೆದ ಮೇಲೆ ನಾನೂ ಮೇಷ್ಟ್ರಾದೆ. ಮಾಲ್ಡೀವ್ಸಿನ ಒಂದು ಸಣ್ಣ ದ್ವೀಪದಲ್ಲಿ ಎರಡು ವರ್ಷ ಪಾಠ ಮಾಡಿದೆ. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ, ಗಂಟೆಗೆ ಇಷ್ಟು ಪೀಸು ಅಂತ ಪರದೇಶದವರ ಅಂಗಿಗೆ ಕಾಲರ್ ಹೊಲಿಯುವ ನಮ್ಮವ್ವ, ಹೊರಡುವ ಹಿಂದಿನ ರಾತ್ರಿ ನನ್ನ ಬಿಳಿ ಅಂಗಿಗಳಿಗೂ ತಾನೇ ಕಾಲರ್ ಕೂರಿಸಿದಳು.

ಅಲ್ಲಿ ಭಾನುವಾರದಿಂದ ಗುರುವಾರದವರೆಗೆ ಶಾಲೆ. ಮೇಷ್ಟ್ರಿಗೂ ಟೈ, ಮಕ್ಕಳಿಗೂ ಟೈ. ಸಂಜೆ ದಡದಲ್ಲಿ, ಹಗ್ಗದ ಬಲೆ ಹೆಣೆದ ಜೋಲಿ ಎಂಬ ಕುರ್ಚಿಗಳಲ್ಲಿ ಮುದುಕರು ಕೂತಿರುತ್ತಿದ್ದರು. ಅವರುಡುವ ಪಟ್ಟೆಯಂಚಿನ ಕಪ್ಪು ಲುಂಗಿಗೆ ಫೇಲಿ ಅಂತ ಹೆಸರು. ಅದನ್ನು ಪಾದದ ತನಕ ಇಳಿಬಿಟ್ಟು ಕೂತ ಆ ಮೀನುಗಾರರನ್ನು ನೋಡಿದಾಗ ನನಗೆ ತಾತ ನೆನಪಾಗುತ್ತಿದ್ದ. ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಹಾಗಂತ ಅದೇನು ಸ್ವರ್ಗವಲ್ಲ. ಬಾಂಗ್ಲಾದೇಶದಿಂದ ಬಂದ ಕೂಲಿಯವರನ್ನು ಮಾಸಿದ ಅಂಗಿ ನೋಡಿಯೇ ಗದರುವವರು ಅಲ್ಲೂ ಇದ್ದರು.

ಜಾತಿ ಕೇಳಿದವರು ಮಾತ್ರ ನಮ್ಮ ದೇಶದವರೇ. ಭಾರತದ ಮೂವರು ಮೇಷ್ಟ್ರುಗಳು ಒಂದೇ ಮನೆಯಲ್ಲಿದ್ದೆವು. ಅಡ್ಡಹೆಸರೇನು, ಅಪ್ಪ ಏನು ಮಾಡ್ತಾರೆ ಅಂತ ಒಬ್ಬರು ವಾರಗಟ್ಟಲೆ ಸುತ್ತಿ ಬಳಸಿ ಕೇಳಿದರು. ದಲಿತರು ನಾವು, ಅಂದೆ. ಮಾರನೇ ದಿನ ಹಿತ್ತಲಲ್ಲಿ ಎರಡನೇ ಹಗ್ಗ ಕಟ್ಟಿತ್ತು. ನನ್ನ ಅಂಗಿಯ ಪಕ್ಕ ಒಣಗುತ್ತಿದ್ದ ಅವರ ಪಂಚೆ, ಬನಿಯನ್ನು ಅಲ್ಲಿಗೆ ಹೋಗಿದ್ದವು. ಒಂದೇ ನಲ್ಲಿಯ ನೀರಲ್ಲಿ ಒಗೆದ ಬಟ್ಟೆ, ಒಂದೇ ಸಮುದ್ರದ ಗಾಳಿ. ಹಗ್ಗ ಮಾತ್ರ ಎರಡು.

ಮನೆಗೆ ಪಾಠಕ್ಕೆ ಬರುತ್ತಿದ್ದ ಹುಡುಗನೊಬ್ಬ ಕೇಳಿದ: “ಸರ್, ಒಂದರಲ್ಲೇ ಬೇಕಾದಷ್ಟು ಜಾಗ ಇದೆಯಲ್ಲ?” ತಾತನ ಪಂಚೆಯ ಕಥೆ ಹೇಳಿದೆ. ಎಷ್ಟು ಹೇಳಿದರೂ ಅವನಿಗೆ ಅರ್ಥವಾಗಲಿಲ್ಲ. ನಮ್ಮ ಮಕ್ಕಳಿಗೂ ಇದು ಅರ್ಥವಾಗದ ಕಾಲ ಬರಬೇಕು ಅನ್ನಿಸಿತು.

ಈಗ ಕೆಂಗೇರಿಯಲ್ಲೇ ಪಾಠ ಮಾಡುತ್ತಿದ್ದೇನೆ. ಸಮವಸ್ತ್ರ ಹಾಕಿಸಿದರೆ ಭೇದ ಹೋಯಿತು ಅಂತ ನಂಬಿದವರು ನಮ್ಮಲ್ಲಿ ಬಹಳ. ಸರ್ಕಾರ ವಿದ್ಯಾವಿಕಾಸ ಯೋಜನೆಯಲ್ಲಿ ಬಟ್ಟೆ ಕೊಡುತ್ತದೆ, ಕೊಡಲೇಬೇಕು. ಆದರೆ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ 2023ರ ಡಿಸೆಂಬರಿನಲ್ಲಿ ಹೊರಬಿತ್ತು. ಅವರಿಗೂ ಸಮವಸ್ತ್ರ ಇತ್ತು. ಹಳ್ಳಿಶಾಲೆಯ ಗೆಳೆಯರೆ, ನಾಳೆ ಬೆಳಿಗ್ಗೆ ಕಸಬರಿಕೆ ಎತ್ತಿಕೊಡುವಾಗ ಅದು ಯಾವ ಮಗುವಿನ ಕೈಗೆ ಹೋಗುತ್ತಿದೆ ಅಂತ ಒಮ್ಮೆ ನೋಡಿ.