ಕಾರ್ಟರ್ ಬಿಡಿಸಿದ ಕೈ

ನಾಳೆಯ ಅನಾಟಮಿ ಕ್ಲಾಸಿಗೆ ಸ್ಲೈಡು ಮಾಡುತ್ತಾ ಕೂತಿದ್ದೆ. ಮುಂಗೈ ಸ್ನಾಯುಗಳ ಚಿತ್ರ ಬೇಕಿತ್ತು. 1858ರ ‘ಗ್ರೇಸ್ ಅನಾಟಮಿ’ಯದ್ದನ್ನೇ ಹಾಕಿದೆ. ಸ್ನಾಯುವಿನ ಹೆಸರು ಸ್ನಾಯುವಿನ ಮೇಲೇ ಬರೆದಿದೆ, ಗೆರೆ ಹಿಡಿದು ಹುಡುಕಬೇಕಿಲ್ಲ.

ಬಿಡಿಸಿದವರು ಹೆನ್ರಿ ವ್ಯಾಂಡೈಕ್ ಕಾರ್ಟರ್. ಅವರಿಗೆ ಸಿಕ್ಕಿದ್ದು ಒಂದೇ ಸಲದ 150 ಪೌಂಡು. ರಾಯಲ್ಟಿ ಹೋದದ್ದು ಪುಸ್ತಕ ಬರೆದ ಗ್ರೇಗೆ. ಅದೇ ವರ್ಷ ಕಾರ್ಟರ್ ಬಾಂಬೆಗೆ ಬಂದು, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದರು.

ಆ ಚಿತ್ರಗಳಿಗೆ ಈಗ ಯಾರ ಹಕ್ಕಿನ ಹಂಗೂ ಇಲ್ಲ. ಹೊಸ ಪುಸ್ತಕದ ಪುಟವನ್ನೂ ಪಾಠಕ್ಕೆಂದು ಪ್ರತಿ ಮಾಡಲು ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಜಾಗವಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ, ಪಾಠವೆಂದರೆ ತರಗತಿಯ ನಾಲ್ಕು ಗೋಡೆಯೊಳಗಿನದ್ದಷ್ಟೇ ಅಲ್ಲ ಎಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಸಾವಿರಾರು ರೂಪಾಯಿಯ ಪುಸ್ತಕ ಕೊಳ್ಳಲಾಗದ ಮಕ್ಕಳಿಗೆ ಅದೆಷ್ಟು ದೊಡ್ಡ ಆಸರೆ!

ಆದರೆ ಅಂಥ ಹೊಸ ಪುಟವಿರುವ ಸ್ಲೈಡನ್ನು ಯೂಟ್ಯೂಬಿಗೆ ಏರಿಸುವುದು ಬೇರೆಯೇ ಮಾತು. ರೋಗಿಯ ಫೋಟೊ ಇದ್ದರಂತೂ ಕಾಪಿರೈಟಿಗಿಂತ ಮೊದಲು ಆ ರೋಗಿಯ ಒಪ್ಪಿಗೆ ಬೇಕು.

ಸ್ಲೈಡಿನ ಕೆಳಗೆ ಕಾರ್ಟರ್ ಹೆಸರು ಬರೆದೆ. ಗ್ರೇ ಹೆಸರಿನಷ್ಟೇ ದಪ್ಪಕ್ಷರದಲ್ಲಿ.