ಟೋಕನ್ ನಂಬರ್ ಇಲ್ಲದವರು

ಹೈದರಾಬಾದಿನ ಕಾರ್ಖಾನೆಗಳಲ್ಲಿ ತರಬೇತಿ ವಿಭಾಗ ನೋಡಿಕೊಳ್ಳುತ್ತಿದ್ದ ನಮ್ಮಂಥವರಿಗೆ ಫೆಬ್ರವರಿ ಬಂತೆಂದರೆ ಎಲ್ಲಿಲ್ಲದ ಬೇಡಿಕೆ. ಕಂಪನಿಗಳ ತರಬೇತಿ ಬಜೆಟ್ಟಿನಲ್ಲಿ ದುಡ್ಡು ಉಳಿದಿರುತ್ತಿತ್ತು. ಮಾರ್ಚ್ 31ರೊಳಗೆ ಖರ್ಚು ತೋರಿಸದಿದ್ದರೆ ಮುಂದಿನ ವರ್ಷ ಅಷ್ಟಕ್ಕೆ ಕತ್ತರಿ. ಹಾಗಾಗಿ ವರ್ಷವಿಡೀ ಒಬ್ಬರನ್ನೂ ಕಳಿಸದ ಜನರಲ್ ಮ್ಯಾನೇಜರುಗಳು ಆಗ ತಾವೇ ಫೋನು ಮಾಡಿ, ನಿಮ್ಮ ತರಬೇತಿ ಸಂಘದ ಚಾಪ್ಟರಿನವರದು ಯಾವುದಾದರೂ ಪ್ರೋಗ್ರಾಂ ಇದೆಯೇನ್ರೀ ಎಂದು ಕೇಳುತ್ತಿದ್ದರು. ವಿಷಯ ಏನೇ ಇರಲಿ, ನಾಮಿನೇಷನ್ ಬರುತ್ತಿತ್ತು. 'ಪರಿಣಾಮಕಾರಿ ಪತ್ರವ್ಯವಹಾರ' ಎಂಬ ಕಾರ್ಯಕ್ರಮಕ್ಕೆ ಬಾಯ್ಲರ್ ಆಪರೇಟರ್ ಬಂದು ಎರಡು ದಿನ ಶ್ರದ್ಧೆಯಿಂದ ಕೂತು, ಫೋಲ್ಡರ್ ಮತ್ತು ಪೆನ್ನು ತೆಗೆದುಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ. ಊಟ ಚೆನ್ನಾಗಿತ್ತು ಎಂದು ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಬರೆದಿದ್ದ.

ನಾನು ಬೀದರ್ ಕಡೆಯವ. ನಮ್ಮ ಹಿರಿಯರಿಗೆ ಹೈದರಾಬಾದು ಪರರಾಜ್ಯವಾದದ್ದು 1956ರ ನಂತರ, ಅದೂ ಕಾಗದದ ಮೇಲೆ. ದವಾಖಾನೆ, ಬಟ್ಟೆಬರೆ, ನೌಕರಿ ಎಲ್ಲಕ್ಕೂ ರೈಲು ಹಿಡಿಯುತ್ತಿದ್ದದ್ದು ಈ ಕಡೆಗೇ. 80ರ ದಶಕದ ಮೊದಲಿಗೆ ನಾನು ಸನತ್‌ನಗರದ ಒಂದು ಕಾರ್ಖಾನೆಯ ಟ್ರೈನಿಂಗ್ ಸೆಕ್ಷನ್ ಸೇರಿದಾಗ ಅಲ್ಲಿ ಬೀದರ್, ಗುಲಬರ್ಗಾ, ರಾಯಚೂರಿನವರಿಗೆ ಕೊರತೆಯಿರಲಿಲ್ಲ. ಶಾಪ್ ಫ್ಲೋರಿನಲ್ಲಿ ಮಾತು ದಖನಿ, ಬೈಗುಳ ತೆಲುಗು, ಸುಖದುಃಖ ಕನ್ನಡ.

ಆಗಿನ ಸನತ್‌ನಗರ ಅಂದರೆ ಸೈರನ್ನು. 1942ರಲ್ಲಿ, ನಿಜಾಮರ ಕಾಲದಲ್ಲಿ ಶುರುವಾದ ಹೈದರಾಬಾದ್ ಆಲ್ವಿನ್ ಇಲ್ಲಿನ ದೊಡ್ಡಣ್ಣ. ಫ್ರಿಜ್ಜು, ಬಸ್ಸಿನ ಬಾಡಿ, ಆಮೇಲೆ ಜಪಾನಿನ ಸೀಕೋ ಜೊತೆ ಸೇರಿ ಕೈಗಡಿಯಾರ. ಪಕ್ಕದ ಬಾಲಾನಗರದ ಕಡೆ ಹೋದರೆ ಎಚ್‌ಎಎಲ್. ಸೋವಿಯತ್ ನೆರವಿನಿಂದ ಎದ್ದ ಔಷಧಿ ಕಾರ್ಖಾನೆ ಐಡಿಪಿಎಲ್. 1968ರಲ್ಲಿ ವಿಶ್ವಸಂಸ್ಥೆಯ ಸಹಾಯದಿಂದ ಶುರುವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್. ಇವುಗಳ ಸಂದಿಯಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಶೆಡ್ಡುಗಳು, ಲೇತು, ಪ್ಲೇಟಿಂಗ್ ತೊಟ್ಟಿಗಳು. ಕೈ ಕತ್ತರಿಸಿಕೊಂಡರೆ ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆ ಹತ್ತಿರವೇ.

ತರಬೇತಿ ಅಧಿಕಾರಿಗಳಿಗೂ ಒಂದು ಸಂಘವಿತ್ತು ಎಂದರೆ ಆಗ ನಮ್ಮ ಕಾರ್ಖಾನೆಯವರೇ ನಂಬುತ್ತಿರಲಿಲ್ಲ. ದೇಶದ ಮಟ್ಟದಲ್ಲಿ ಇಂಡಿಯನ್ ಸೊಸೈಟಿ ಫಾರ್ ಟ್ರೈನಿಂಗ್ ಅಂಡ್ ಡೆವಲಪ್‌ಮೆಂಟ್ 1970ರಲ್ಲೇ ದಿಲ್ಲಿಯಲ್ಲಿ ಹುಟ್ಟಿ, ಊರೂರಲ್ಲಿ ಚಾಪ್ಟರ್ ತೆರೆದು, ಅಂಚೆ ಮೂಲಕ ಒಂದು ಡಿಪ್ಲೊಮಾ ಕೂಡ ನಡೆಸುತ್ತಿತ್ತು. ಪರ್ಸನಲ್ ಮ್ಯಾನೇಜರುಗಳ ಸಂಘ ಬೇರೆ, 1985ರಲ್ಲಿ ಬಂದ ಎಚ್‌ಆರ್‌ಡಿ ನೆಟ್‌ವರ್ಕ್ ಬೇರೆ. ಊರಲ್ಲಿ ಸಂಘಗಳು ಹಲವಾದರೂ ಸಭೆಗೆ ಬರುತ್ತಿದ್ದ ಮುಖಗಳು ಅವೇ. ನಾನು ಓಡಾಡಿಕೊಂಡಿದ್ದ ಚಾಪ್ಟರಿನ ಹೆಸರು ಇಲ್ಲಿ ಬೇಡ, ಬದುಕಿರುವ ಅಧ್ಯಕ್ಷರುಗಳಿದ್ದಾರೆ.

ಅಧ್ಯಕ್ಷರಾಗಲು ಒಂದೇ ಅರ್ಹತೆ. ಅವರ ಕಂಪನಿಯಲ್ಲಿ ಬಿಟ್ಟಿ ಹಾಲ್ ಇರಬೇಕು. ಬಿಎಚ್‌ಇಎಲ್, ಇಸಿಐಎಲ್, ಎಚ್‌ಎಂಟಿ, ಮಿಧಾನಿ ಹೀಗೆ ಸರ್ಕಾರಿ ಉದ್ಯಮಗಳಿಂದ ತುಂಬಿದ್ದ ಊರು. ಹಾಲ್‌ಗೂ ಕ್ಯಾಂಟೀನಿಗೂ ಬರವಿರಲಿಲ್ಲ. ವಾರ್ಷಿಕ ಯೋಜನೆ ಮಾಡುವ ಸಭೆಯಲ್ಲಿ ಮೊದಲು ಎದುರಿಗಿಡುತ್ತಿದ್ದದ್ದು ಸರ್ಕಾರಿ ರಜೆಗಳ ಪಟ್ಟಿ. ಏಪ್ರಿಲ್, ಮೇ ಬಿಸಿಲು, ಮಕ್ಕಳ ರಜೆ, ಬೇಡ. ಬೋನಾಲು ಹಬ್ಬ ಬಿಡಬೇಕು. ಗಣೇಶ ವಿಸರ್ಜನೆಯ ವಾರ ಊರೇ ಬಂದ್. ರಂಜಾನಿನಲ್ಲಿ ಸಂಜೆ ಆರರ ಭಾಷಣಕ್ಕೆ ಅರ್ಧ ಜನ ಬರುವುದಿಲ್ಲ. ಡಿಸೆಂಬರಿನಲ್ಲಿ ಎಲ್ಲರೂ ಎಲ್‌ಟಿಸಿ ಮೇಲೆ. ಇದೆಲ್ಲ ಕಳೆದು ಉಳಿದ ದಿನಗಳಲ್ಲಿ ಹಳೆಯ ವರ್ಷದ ವಿಷಯಗಳನ್ನೇ ಮತ್ತೆ ಕೂರಿಸುವುದು. ಸೂಪರ್‌ವೈಸರಿ ಡೆವಲಪ್‌ಮೆಂಟ್, ಟ್ರೈನಿಂಗ್ ಆಫ್ ಟ್ರೈನರ್ಸ್, ಟ್ರಾನ್ಸಾಕ್ಷನಲ್ ಅನಾಲಿಸಿಸ್, ಮತ್ತು ಪ್ರತಿ ವರ್ಷ ತಪ್ಪದೆ, ತರಬೇತಿಯ ಮೌಲ್ಯಮಾಪನ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕ 1959ರಲ್ಲಿ ಹೇಳಿದ ನಾಲ್ಕು ಹಂತಗಳು ನಮ್ಮೆಲ್ಲರ ಬಾಯಲ್ಲೂ ಇದ್ದವು: ಬಂದವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ತೋರಿಸಿದರೇ, ಕಂಪನಿಗೆ ಲಾಭವಾಯಿತೇ. ಮೊದಲನೆಯ ಹಂತ ದಾಟಿದ ಒಬ್ಬ ಪುಣ್ಯಾತ್ಮನನ್ನು ನಾನು ಆ ಸಭೆಗಳಲ್ಲಿ ನೋಡಲಿಲ್ಲ.

ಯೋಜನೆ ಸಿದ್ಧವಾದ ಮೇಲೆ ಸ್ಟೆನ್ಸಿಲ್ ಕತ್ತರಿಸುವ ಕೆಲಸ ನನ್ನದು. ಟೈಪ್‌ರೈಟರಿನ ರಿಬ್ಬನ್ ತೆಗೆದು ಮೇಣದ ಹಾಳೆಯ ಮೇಲೆ ಹೊಡೆಯುವುದು, ತಪ್ಪಿದ ಅಕ್ಷರದ ಮೇಲೆ ಕೆಂಪು ದ್ರಾವಣ ಹಚ್ಚಿ ಊದುವುದು, ಆಮೇಲೆ ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುಗಿಸುವುದು. ಇಡೀ ವರ್ಷ ಒಂದೇ ಹಾಳೆಯಲ್ಲಿ, ಎರಡೂ ಮಗ್ಗುಲು. ಹಿಂಬದಿಯ ಕೆಳಗಡೆ ಕತ್ತರಿಸಿ ಕಳಿಸಬೇಕಾದ ನಾಮಿನೇಷನ್ ಫಾರ್ಮು. ಹೆಸರು, ಹುದ್ದೆ, ವಿಭಾಗ, ಟೋಕನ್ ನಂಬರ್, ಅಂದರೆ ಕಂಪನಿ ತನ್ನ ನೌಕರರಿಗೆ ಕೊಟ್ಟ ಸಂಖ್ಯೆ.

ಇಷ್ಟು ಹೇಳಿದ ಮೇಲೆ ಆ ಹಾಳೆಯಲ್ಲಿ ಕೆಲಸಕ್ಕೆ ಬಂದದ್ದು ಏನೂ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ತಿಂಗಳಿಗೊಂದು ಕಾರ್ಖಾನೆ ಭೇಟಿ ಇರುತ್ತಿತ್ತು. ಒಬ್ಬರ ಅಂಗಳ ಇನ್ನೊಬ್ಬರು ನೋಡುವುದು. ಎಚ್‌ಎಂಟಿಯವರ ಅಪ್ರೆಂಟಿಸ್ ಶಾಲೆ ನೋಡಿ ಬಂದ ಮೇಲೆ ನಮ್ಮ ಶಾಲೆ ನಮಗೇ ನಾಚಿಕೆ ತರಿಸಿ, ಮುಂದಿನ ಬಜೆಟ್ಟಿನಲ್ಲಿ ಒಂದು ಒಳ್ಳೆಯ ಲೇತು ಕೇಳಿ ಪಡೆದೆವು. 1961ರ ಅಪ್ರೆಂಟಿಸ್ ಕಾಯ್ದೆ ಕಂಪನಿಗೆ ಇಷ್ಟು ಹುಡುಗರು ಎಂದು ಹೇಳಿತ್ತು. ಆ ಹುಡುಗರ ಕೈಗೆ ಏನು ಕೊಡಬೇಕೆಂಬುದನ್ನು ನಾವು ಕಲಿತದ್ದು ಇಂಥ ಭೇಟಿಗಳಲ್ಲಿ.

ಇನ್ನೊಂದು, ರಿಂಗ್ ಆಟ. ಯೂಸುಫ್‌ಗುಡದ ಸಣ್ಣ ಉದ್ಯಮಗಳ ತರಬೇತಿ ಸಂಸ್ಥೆ, ನಾವು ಸಿಯೆಟ್ ಎನ್ನುತ್ತಿದ್ದೆವು, ಹಾರ್ವರ್ಡಿನ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲೆಂಡ್ 1964ರಲ್ಲಿ ಕಾಕಿನಾಡದ ವ್ಯಾಪಾರಸ್ಥರನ್ನು ಕರೆಸಿ ಸಾಧನೆಯ ಹಂಬಲವನ್ನು ಕಲಿಸಿಕೊಡಬಹುದೇ ಎಂದು ಪರೀಕ್ಷಿಸಿದ ಜಾಗ. ಅಲ್ಲಿ ಆಡಿಸುತ್ತಿದ್ದ ಈ ಆಟ ಸರಳ. ನೆಲದ ಮೇಲೆ ಒಂದು ಗೂಟ, ಕೈಯಲ್ಲಿ ಬಳೆಗಳು, ಎಲ್ಲಿ ನಿಂತು ಎಸೆಯುತ್ತೀರಿ ಎಂಬುದು ನಿಮಗೇ ಬಿಟ್ಟದ್ದು. ಗೂಟಕ್ಕೆ ಅಂಟಿ ನಿಂತವನಿಗೆ ಧೈರ್ಯವಿಲ್ಲ, ಬಹಳ ದೂರ ನಿಂತವನದು ಜೂಜು. ಹಂಬಲವಿರುವವನು ನಡುವೆ ನಿಲ್ಲುತ್ತಾನೆ, ಕಷ್ಟವಾದರೂ ಕೈಗೆಟಕುವ ದೂರದಲ್ಲಿ. ಚಾಪ್ಟರಿನ ಒಂದು ಸಂಜೆ ನಿವೃತ್ತ ಪ್ರಾಧ್ಯಾಪಕರೊಬ್ಬರು ನಮ್ಮ ಫೋರ್‌ಮನ್‌ಗಳಿಗೆ ಅದನ್ನೇ ಆಡಿಸಿದರು. ಬಳೆಗೆ ಬದಲು ನಮ್ಮ ಸ್ಟೋರ್ಸಿನ ರಬ್ಬರ್ ಗ್ಯಾಸ್ಕೆಟ್ಟುಗಳು.

ಪ್ರೆಸ್ ಶಾಪಿನ ಮಿಸ್ತ್ರಿಯೊಬ್ಬ, ಸೇಡಂ ಕಡೆಯವ, ಗೂಟದ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಎಲ್ಲವನ್ನೂ ತೂರಿಸಿ ಎದ್ದ. ಪ್ರಾಧ್ಯಾಪಕರು ನಕ್ಕು, ಇಷ್ಟು ಹತ್ತಿರ ಯಾಕೆ ಎಂದರು. ಅವನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ, "ಅವ್ರಿಗಿ ಹೇಳ್ರಿ ಸಾಹೇಬ್ರ. ಪ್ರೆಸ್ ಮ್ಯಾಲ ದೂರ ನಿಂತ್ ಒಗಿಲಾಕ್ ಬರಲ್ರಿ. ತಪ್ಪಿದ್ರ ಬೆರಳೇ ಹೋತದ." ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಪ್ರಾಧ್ಯಾಪಕರು ಅದನ್ನು ಬರೆದುಕೊಂಡರು. ಮೆಕ್ಲೆಲೆಂಡರ ಲೆಕ್ಕದಲ್ಲಿ ಅವನು ಫೇಲು.

ಅದೇ ಮಿಸ್ತ್ರಿ ಹೊಸ ಹುಡುಗನಿಗೆ ಕೆಲಸ ಹೇಳಿಕೊಡುವುದನ್ನು ನೋಡಬೇಕಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಹುಟ್ಟಿ, 50ರ ದಶಕದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರ ಜೊತೆ ಭಾರತಕ್ಕೆ ಬಂದ ಟಿಡಬ್ಲ್ಯುಐ ಎಂಬ ಪದ್ಧತಿಯ ಕಾರ್ಡು ನಮ್ಮಲ್ಲಿ ಎಲ್ಲ ಸೂಪರ್‌ವೈಸರುಗಳ ಜೇಬಿನಲ್ಲೂ ಇರುತ್ತಿತ್ತು. ಹುಡುಗನನ್ನು ಅಣಿಮಾಡು, ಮಾಡಿ ತೋರಿಸು, ಮಾಡಿಸಿ ನೋಡು, ಆಮೇಲೂ ಬಂದು ವಿಚಾರಿಸು. ಇವನು ಕಾರ್ಡು ತೆಗೆದದ್ದು ನಾನು ಕಾಣೆ. ಮೊದಲು ಪವರ್ ಬಂದ್ ಮಾಡಿ ಹುಡುಗನನ್ನು ಪ್ರೆಸ್ಸಿನ ಮುಂದೆ ನಿಲ್ಲಿಸುವನು. ಶೀಟು ಇಡು, ಹಿಂದಿನ ತಡೆಗೆ ತಾಗಿಸು, ಕೈ ಹೊರಗೆ, ಎರಡೂ ಬಟನ್ನು. ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಬೇಕು. "ಕೈ ಹೊರಗೆ" ಎನ್ನುವುದನ್ನು ಹುಡುಗ ನುಂಗಿದರೆ ಮೊದಲಿನಿಂದ. ಮಧ್ಯಾಹ್ನದವರೆಗೆ ಸತ್ತ ಯಂತ್ರದ ಮೇಲೆ ಇದೇ ಪಾಠ. ಊಟದ ನಂತರ ಪವರ್ ಕೊಟ್ಟು, ತಾನು ಸ್ವಿಚ್ಚಿನ ಪಕ್ಕ ನಿಲ್ಲುವನು. ವಾರದ ಮೇಲೆ ಒಂದು ದಿನ, ಹುಡುಗನಿಗೆ ಗೊತ್ತಾಗದಂತೆ ಹಿಂದೆ ಹೋಗಿ ನಿಂತು ಅವನ ತುಟಿ ಇನ್ನೂ ಅಲ್ಲಾಡುತ್ತಿದೆಯೇ ಎಂದು ನೋಡುವನು.

ಈ ಪಾಠ ಪರ್ಮನೆಂಟ್ ಹುಡುಗರಿಗೆ, ಅಪ್ರೆಂಟಿಸ್‌ಗಳಿಗೆ. ಕಂಟ್ರಾಕ್ಟರ್ ಕಳಿಸಿದ ಹುಡುಗರು ಅದೇ ಶಾಪಿನಲ್ಲಿ ಶೀಟು ಹೊರುತ್ತಿದ್ದರು, ಗಡಿಬಿಡಿ ಇದ್ದ ದಿನ ಪ್ರೆಸ್ಸಿನ ಮೇಲೂ ಕೂರುತ್ತಿದ್ದರು. ಅವರನ್ನು ಚಾಪ್ಟರಿನ ಸುರಕ್ಷತಾ ಕಾರ್ಯಕ್ರಮಕ್ಕೆ ಕಳಿಸೋಣ ಎಂದು ಒಮ್ಮೆ ಫಾರ್ಮು ತುಂಬಿದೆ. ಪರ್ಸನಲ್ ವಿಭಾಗದಿಂದ ವಾಪಸ್ ಬಂತು. ಟೋಕನ್ ನಂಬರಿನ ಜಾಗ ಖಾಲಿ ಇದ್ದುದರಿಂದ ಪರಿಗಣಿಸಲಾಗದು. ಚಾಪ್ಟರಿನ ಸಭೆಯಲ್ಲಿ ಹೇಳಿದಾಗ, ಅವರು ನಮ್ಮ ಸದಸ್ಯ ಕಂಪನಿಗಳ ನೌಕರರಲ್ಲವಲ್ಲ ಎಂದು ಖಜಾಂಚಿ ತಾಂತ್ರಿಕವಾಗಿ ಸರಿಯಾದ ಮಾತನ್ನೇ ಹೇಳಿದರು.

90ರ ದಶಕ ಬೇಗ ಮುಗಿಸುತ್ತೇನೆ. 1991ರ ನಂತರ ಸ್ವಯಂನಿವೃತ್ತಿಯ ವಿಆರ್‌ಎಸ್ ಬಂತು. ಆಲ್ವಿನ್ ತುಂಡಾಗಿ ಫ್ರಿಜ್ಜಿನ ಭಾಗ ವೋಲ್ಟಾಸ್ ಪಾಲಾಯಿತು. ಐಡಿಪಿಎಲ್ ರೋಗಗ್ರಸ್ತ ಉದ್ಯಮಗಳ ಪಟ್ಟಿ ಸೇರಿತು. ಕಾರ್ಖಾನೆ ಮುಚ್ಚುವ ಮೊದಲು ಮುಚ್ಚುವುದು ತರಬೇತಿ ವಿಭಾಗ, ಇದಕ್ಕೆ ಅಪವಾದ ನಾನು ಕಂಡಿಲ್ಲ. ಚಾಪ್ಟರಿನ ಹಾಳೆಯಲ್ಲಿ 'ನಿವೃತ್ತಿ ಪೂರ್ವ ಸಮಾಲೋಚನೆ' ಎಂಬುದು ಖಾಯಂ ಆಯಿತು, ಅದಕ್ಕೆ ಬರುವವರೂ ನಾವೇ, ಪಾಠ ಹೇಳುವವರೂ ನಾವೇ. 1998ರಲ್ಲಿ ಮಾದಾಪುರದ ಐಟಿ ಕಟ್ಟಡ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಸಂಘದ ತೂಕ ಮೆಲ್ಲಗೆ ಆ ಕಡೆ ವಾಲಿತು.

ಹಾಗಂತ ಕಾರ್ಖಾನೆಗಳು ಕಲಿಸಿದ್ದು ಮಣ್ಣುಪಾಲಾಗಲಿಲ್ಲ. ಐಡಿಪಿಎಲ್‌ನಲ್ಲಿ ಕೆಲಸ ಕಲಿತ ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದ್ದು ಎಲ್ಲರಿಗೂ ಗೊತ್ತು. ಹೈದರಾಬಾದಿನ ಔಷಧಿ ಉದ್ಯಮದಲ್ಲಿ ಐಡಿಪಿಎಲ್‌ನಿಂದ ಹೊರಬಂದ ಕೆಮಿಸ್ಟುಗಳು ಎಷ್ಟೋ ಕಂಪನಿಗಳಿಗೆ ಅಡಿಪಾಯವಾದರು. ಇಷ್ಟು ದೊಡ್ಡ ತರಬೇತಿ ಯಾರ ವಾರ್ಷಿಕ ಯೋಜನೆಯಲ್ಲೂ ಇರಲಿಲ್ಲ. ಜನ ಬಿಟ್ಟುಹೋದದ್ದನ್ನು ನಾವು ಆಗ 'ಆಟ್ರಿಷನ್' ಎಂದು ನಷ್ಟದ ಕಾಲಂನಲ್ಲಿ ಬರೆಯುತ್ತಿದ್ದೆವು.

ಚಾಪ್ಟರಿನ ಈಗಿನ ವಾರ್ಷಿಕ ಯೋಜನೆ ಪಿಡಿಎಫ್. ಬಣ್ಣ, ಲೋಗೋ, ಪ್ರಾಯೋಜಕರು. ಅಮೆರಿಕದ ತರಬೇತುದಾರರ ಸಂಘವೇ 2014ರಲ್ಲಿ ತನ್ನ ಹೆಸರಿನಿಂದ ತರಬೇತಿಯನ್ನು ಕೈಬಿಟ್ಟು ಪ್ರತಿಭೆಯನ್ನು ಸೇರಿಸಿಕೊಂಡಿತು, ನಮ್ಮವರೂ ಹಿಂದೆ ಬೀಳಲಿಲ್ಲ. ಎಐ ಬಳಸಿ ಕೋರ್ಸು ತಯಾರಿಸುವುದು, ಆನ್‌ಲೈನ್ ಕಲಿಕೆಯ ತಂತ್ರಾಂಶವಾದ ಎಲ್‌ಎಂಎಸ್ ಅಂಕಿಅಂಶ ಓದುವುದು, ಐದು ನಿಮಿಷದ ಪಾಠಗಳು. 2020ರ ಲಾಕ್‌ಡೌನಿನಿಂದೀಚೆಗೆ ಬಹುಪಾಲು ಆನ್‌ಲೈನ್.

ನನ್ನ ವಯಸ್ಸಿನವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. ನಮ್ಮ ಕಾಲದ ಸಮಿತಿಯಲ್ಲಿ ಹೆಣ್ಣುಮಕ್ಕಳು ಇದ್ದರೆಂದರೆ ಚಹಾ ವ್ಯವಸ್ಥೆ ಮತ್ತು ಪ್ರಾರ್ಥನೆಗೆ. ಈಗಿನ ಅಧ್ಯಕ್ಷೆಗೆ ನಲವತ್ತೂ ಆಗಿಲ್ಲ, ಲೆಕ್ಕಪತ್ರ ತಿಂಗಳು ತಿಂಗಳು ಸದಸ್ಯರ ಮುಂದಿಡುತ್ತಾರೆ. ಹಿಂದೆ ವರ್ಷಕ್ಕೊಮ್ಮೆ ಸೆಪ್ಟೆಂಬರಿನ ಮಹಾಸಭೆಯಲ್ಲಿ, ಊಟ ಬಡಿಸಿದ್ದಾರೆ ಎಂದು ಯಾರೋ ಕೂಗಿದ ಕ್ಷಣದಲ್ಲಿ, ಆಡಿಟ್ ವರದಿ ಪಾಸಾಗುತ್ತಿತ್ತು. ಈಗಿನ ಹುಡುಗರು ಭಾಷಣಕಾರನನ್ನು ಮಧ್ಯದಲ್ಲಿ ನಿಲ್ಲಿಸಿ, ಇದರಿಂದ ಏನು ಬದಲಾಯಿತು, ತೋರಿಸಿ ಎನ್ನುತ್ತಾರೆ. ಕರ್ಕ್‌ಪ್ಯಾಟ್ರಿಕ್ ಮೂರನೇ ಹಂತದವರೆಗೆ ಕೆಲವರಾದರೂ ಹೋಗಿದ್ದಾರೆ. ಕಾರ್ಖಾನೆ ಭೇಟಿ ಮಾತ್ರ ಪಟ್ಟಿಯಿಂದ ಬಿದ್ದುಹೋಯಿತು. ಇನ್ಶೂರೆನ್ಸು, ಅನುಮತಿ, ಗೌಪ್ಯತೆಯ ಸಹಿ ಎಂದು ತಾಪತ್ರಯ.

ಸನತ್‌ನಗರವೂ ಅದೇ ಅಲ್ಲ. 2016ರಿಂದ ಇಎಸ್‌ಐನವರದು ಮೆಡಿಕಲ್ ಕಾಲೇಜೂ ಇದೆ, 2017ರ ನವೆಂಬರಿನಿಂದ ಎರ್ರಗಡ್ಡ, ಭರತ್‌ನಗರದ ಮೇಲೆ ಮೆಟ್ರೋ ಓಡುತ್ತದೆ, ಮನೆಬಾಡಿಗೆ ಗಗನಕ್ಕೇರಿದೆ. ಆದರೆ ಒಳಗಿನ ಗಲ್ಲಿಗಳ ಶೆಡ್ಡುಗಳಲ್ಲಿ ಪ್ರೆಸ್ಸುಗಳು ಇನ್ನೂ ಇವೆ. ಅವುಗಳ ಮುಂದೆ ಒಡಿಶಾ, ಬಿಹಾರದ ಹುಡುಗರು. 2025ರ ಜೂನ್ 30ರಂದು ಊರಾಚೆ ಪಾಶಮೈಲಾರಂನ ಸಿಗಾಚಿ ಔಷಧಿ ಕಾರ್ಖಾನೆಯ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಮೃತರಲ್ಲಿ ಬಹಳಷ್ಟು ಜನ ಹೀಗೆ ಹೊರರಾಜ್ಯಗಳಿಂದ ಬಂದವರೇ. ನಮ್ಮ ಚಾಪ್ಟರಿನ ಗ್ರೂಪಿನಲ್ಲಿ ಎರಡು ದಿನ ಶ್ರದ್ಧಾಂಜಲಿ ಸಂದೇಶಗಳು ಬಂದವು. ಮೂರನೆಯ ದಿನ ನಾನು ಸಮಿತಿಗೆ ಬರೆದೆ: ಗುತ್ತಿಗೆ ಕಾರ್ಮಿಕರಿಗಾಗಿ, ಹಿಂದಿ ಮತ್ತು ಒಡಿಯಾದಲ್ಲಿ, ಬಾಲಾನಗರದಲ್ಲೇ, ನಿಂತ ಯಂತ್ರದ ಮುಂದೆ, ಒಂದು ದಿನದ ಪಾಠವನ್ನು ವರ್ಷದ ಯೋಜನೆಗೆ ಸೇರಿಸಿ. ಹೇಳಿಕೊಡಲು ಹಳೆಯ ಮಿಸ್ತ್ರಿಗಳನ್ನು ನಾನು ಹುಡುಕುತ್ತೇನೆ.

ಒಪ್ಪಿದರು, ಸಂತೋಷದಿಂದಲೇ. ನೋಂದಣಿಯ ಲಿಂಕ್ ಬಂತು. ಹೆಸರು, ಕಂಪನಿ, ಎಂಪ್ಲಾಯಿ ಐಡಿ, ಆಫೀಸ್ ಇಮೇಲ್. ಕೊನೆಯ ಎರಡಕ್ಕೆ ಕೆಂಪು ನಕ್ಷತ್ರ, ತುಂಬದೆ ಮುಂದೆ ಹೋಗುವಂತಿಲ್ಲ. ಅಧ್ಯಕ್ಷೆಗೆ ಫೋನು ಮಾಡಿದೆ. "ಅಯ್ಯೋ ಹೌದಲ್ಲ ಸರ್" ಎಂದು ಹತ್ತು ನಿಮಿಷದಲ್ಲಿ ನಕ್ಷತ್ರ ತೆಗೆಸಿದರು. ಆಮೇಲೆ ಕಂಟ್ರಾಕ್ಟರುಗಳನ್ನು ಕಂಡು ಮಾತಾಡಿದೆವು. ಹುಡುಗರನ್ನು ಕಳಿಸಲು ಅವರ ತಕರಾರಿಲ್ಲ, ಆದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ ಎಂದು ಕೇಳುತ್ತಿದ್ದಾರೆ. ಕಾರ್ಖಾನೆಯವರು ಕಂಟ್ರಾಕ್ಟರನ ಕಡೆ ಬೆರಳು ತೋರಿಸುತ್ತಾರೆ. ಪ್ರಾಯೋಜಕರು ಬ್ಯಾನರಿಗೆ, ಊಟಕ್ಕೆ ದುಡ್ಡು ಕೊಡುತ್ತಾರಂತೆ, ಕೂಲಿಗೆ ಅವರಲ್ಲಿ ಬಜೆಟ್ ಹೆಡ್ ಇಲ್ಲವಂತೆ. ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಇದೆ, ಎಂಟನೇ ಐಟಂ.